ಕೆಂಪು ಅಂತಾರೆ

ಹೊನ್ನೆ ಮರದ ತೊಗಟೆಗೆ ಕತ್ತಿಯಿಂದ ಕಚ್ಚು ಹಾಕಿದರೆ ಕೆಂಪು ರಸ ಒಸರುತ್ತದೆ. ಶಿವಮೊಗ್ಗೆಯ ಸುತ್ತಲಿನ ಕಾಡುಗಳಲ್ಲಿ ನಿಂತು, ಹೊಸದಾಗಿ ಸೇರಿದ ಫಾರೆಸ್ಟ್ ಗಾರ್ಡುಗಳಿಗೆ ಈ ಮಾತನ್ನು ವರ್ಷ ವರ್ಷವೂ ಹೇಳಿಕೊಟ್ಟವನು ನಾನು. ಆ ಕೆಂಪನ್ನು ನಾನು ಕಂಡಿಲ್ಲ. ನನ್ನ ಕಣ್ಣಿಗೆ ಅದು ಒದ್ದೆಯಾದ ಏನೋ ಒಂದು, ತೊಗಟೆಗಿಂತ ತುಸು ಮಬ್ಬು, ಅಷ್ಟೆ. ಕೆಂಪು, ಹಸಿರು, ಕಂದು ಇವನ್ನು ಬೇರೆ ಬೇರೆಯಾಗಿ ಕಾಣುವ ಶಕ್ತಿ ನನಗೆ ಹುಟ್ಟಿನಿಂದಲೇ ಇಲ್ಲ. ಗಿಡಮರ ಗುರುತಿಸುವುದನ್ನು ಕಲಿಸುವುದೇ ನನ್ನ ಕೆಲಸವಾಗಿತ್ತು. ಇದು ಹೊರಗೆ ಬಿದ್ದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆಯಲ್ಲೇ ನನ್ನ ನೌಕರಿಯ ದೊಡ್ಡ ಭಾಗ ಕಳೆಯಿತು.

ಈಗ ಕಾಡಿನ ಕೆಲಸಕ್ಕೆ ಸೇರುತ್ತಿರುವ ಹುಡುಗರು ಓದಲಿ, ನಿಮ್ಮ ಅನುಭವ ಬರೆಯಿರಿ ಎಂದು ಕೆಲವರು ಹೇಳಿದರು. ಅವರ ಮನಸ್ಸಿನಲ್ಲಿದ್ದದ್ದು ಹುಲಿ ಎದುರಾದ ಸಂಗತಿ, ಸಾಹೇಬರು ಬೆನ್ನು ತಟ್ಟಿದ ಸಂಗತಿ. ನನಗೆ ಹುಲಿ ಎದುರಾಗಿದ್ದು ಒಂದೇ ಸಲ, ಅದೂ ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋಯಿತು. ಉಳಿದದ್ದನ್ನು ಬಾಯಲ್ಲಿ ಹಲವರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಕಥೆಯೊಳಗಿನ ನಾನು ಸ್ವಲ್ಪ ಎತ್ತರವಾಗಿದ್ದೇನೆ. ಬರೆಯುವಾಗ ಅವನನ್ನು ಕೆಳಗಿಳಿಸಬೇಕು. ಎಷ್ಟು ಇಳಿಯುತ್ತಾನೋ ನೋಡೋಣ.

ಭದ್ರಾವತಿಯನ್ನು ಹಳಬರು ಇನ್ನೂ ಬೆಂಕಿಪುರ ಎಂದೇ ಕರೆಯುತ್ತಿದ್ದ ಕಾಲ. ಕಬ್ಬಿಣದ ಕಾರ್ಖಾನೆ ಹೊಸದು. ಅದರ ಕುಲುಮೆಗೆ ಇದ್ದಿಲು ಬೇಕು, ಇದ್ದಿಲಿಗೆ ಕಾಡು ಬೇಕು. ಯಾವ ಮರ ಇದ್ದಿಲಿಗೆ, ಯಾವುದು ಮನೆ ಕಟ್ಟುವ ನಾಟಾಕ್ಕೆ, ಯಾವುದನ್ನು ಬೀಜಕ್ಕೆಂದು ಉಳಿಸಬೇಕು ಎನ್ನುವುದು ತಿಳಿದ ಜನ ಬೇಕು. ಹಾಗೆ ಸೇರಿಕೊಂಡವರಲ್ಲಿ ನಾನೊಬ್ಬ. ನಮಗೆ ಪಾಠ ಹೇಳಿದವರು ನರಸಿಂಗರಾಯರೆಂಬ ರೇಂಜರು. ಕೋಣೆಯೊಳಗೆ ಪಾಠವಿಲ್ಲ. ಬೆಳಗ್ಗೆ ನಡೆಯಲು ಶುರುಮಾಡಿದರೆ ಒಂದು ಮರದ ಮುಂದೆ ನಿಲ್ಲುವುದು, ರಾಯರು ತೊಗಟೆಗೆ ಅಂಗೈಯಗಲ ಕಚ್ಚು ಹಾಕುವುದು, ನಾವೆಲ್ಲ ಒಳತೊಗಟೆಯ ಬಣ್ಣ ನೋಡಿ ಕೂಗುವುದು. ಮಗ್ಗಿ ಹೇಳಿದ ಹಾಗೆ.

"ಮತ್ತಿ!"

"ಕೆಂಪು!"

"ತಾರೆ!"

"ಹಳದಿ!"

ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ನಾನು. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಸೀಳಿರುತ್ತದೆ, ಕೈಯಿಟ್ಟರೆ ಗೊತ್ತಾಗುತ್ತದೆ. ಎಲೆಯ ಹಿಂಬದಿಯಲ್ಲಿ, ತೊಟ್ಟಿನ ಹತ್ತಿರ, ಜೋಡಿ ಗಂಟು ಇರುತ್ತವೆ. ನಂದಿಯ ಮೈ ನುಣುಪು, ಹಾಳೆ ಹಾಳೆಯಾಗಿ ಸುಲಿದು ಬೀಳುತ್ತದೆ. ಹೀಗೆ ಮೊದಲು ಮರ ಯಾವುದೆಂದು ತಿಳಿದುಕೊಂಡು, ಆಮೇಲೆ ಅದಕ್ಕೆ ಹೇಳಬೇಕಾದ ಬಣ್ಣವನ್ನು ಬಾಯಿಪಾಠದಿಂದ ತೆಗೆಯುತ್ತಿದ್ದೆ. ಉಳಿದವರು ಬಣ್ಣದಿಂದ ಮರಕ್ಕೆ ಹೋಗುತ್ತಿದ್ದರು, ನಾನು ಮರದಿಂದ ಬಣ್ಣಕ್ಕೆ. ಮೋಸ ಮಾಡುತ್ತಿದ್ದೇನೆ ಎಂಬ ಭಾವನೆ ಆಗ ಇರಲಿಲ್ಲ. ಬಣ್ಣವೆಂದರೆ ದೇವರ ಹೆಸರಿನ ಹಾಗೆ, ದೊಡ್ಡವರು ಹೇಳಿದ್ದನ್ನು ನಂಬಿ ಹೇಳುವಂಥದ್ದು, ಎಲ್ಲರೂ ಹೀಗೆಯೇ ಕಲಿತಿರುತ್ತಾರೆ ಎಂದುಕೊಂಡಿದ್ದೆ.

ಇದು ನಿಜವೇ? ಆ ವಯಸ್ಸಿಗೆ ಅಷ್ಟೂ ತಿಳಿದಿರಲಿಲ್ಲವೇ? ಚಿಕ್ಕಂದಿನಲ್ಲಿ ಹಣ್ಣು ಮೆಣಸಿನಕಾಯಿ ಕಿತ್ತು ತಾ ಎಂದರೆ ಬುಟ್ಟಿ ತುಂಬ ಕಾಯಿ ತಂದು ಅಮ್ಮನಿಂದ ಬೈಸಿಕೊಂಡದ್ದು ನೆನಪಿದೆ. ಆದ್ದರಿಂದ ತಿಳಿದಿತ್ತು ಎಂದೇ ಇಟ್ಟುಕೊಳ್ಳಿ. ತಿಳಿದೂ ಕೂಗುತ್ತಿದ್ದೆ.

ರಾಯರಿಗೆ ನನ್ನ ಮೇಲೆ ಬಹಳ ಮೆಚ್ಚುಗೆ. ಅವರು ಹೋದ ಮೇಲೆ ಪಾಠ ಹೇಳುವ ಕೆಲಸ ನನಗೇ ಬಂತು. ಎಲ್ಲರೂ ನನ್ನನ್ನು ಮೇಷ್ಟ್ರು ಎಂದು ಕರೆಯತೊಡಗಿದರು.

ಅದಕ್ಕಿಂತ ಮೊದಲು ನಾನು ಕೂಪಿನ ಮೇಲಿದ್ದೆ. ಕೂಪು ಎಂದರೆ ಆ ವರ್ಷ ಕಡಿಯಲು ಗೊತ್ತುಮಾಡಿದ ಕಾಡಿನ ತುಂಡು. ಅಲ್ಲಿ ಬೀಜಕ್ಕೆ ಬಿಡಬೇಕಾದ ಮರಗಳಿಗೆ ಎದೆಯೆತ್ತರದಲ್ಲಿ ಕೆಮ್ಮಣ್ಣಿನ ಪಟ್ಟೆ ಬಳಿದಿರುತ್ತಿದ್ದರು. ಕಂದು ತೊಗಟೆಯ ಮೇಲೆ ಕೆಮ್ಮಣ್ಣು! ನನಗೆ ಅದು ಇಲ್ಲವೇ ಇಲ್ಲ. ಮರ ಕಡಿಯುವವರ ಮೇಸ್ತ್ರಿಗೆ ಬೆರಳು ತೋರಿಸುತ್ತಾ ಹೋದೆ, ಅವರು ಕಡಿಯುತ್ತಾ ಬಂದರು. ಸಂಜೆ ಮೇಸ್ತ್ರಿ ತಲೆ ಕೆರೆದುಕೊಂಡು ಹೇಳಿದ:

"ಸ್ವಾಮಿ, ಆ ಹೊನ್ನೆಗೆ ಪಟ್ಟೆ ಇತ್ತು."

"ಪಟ್ಟೆ ಇದ್ರೆ ಯಾಕೋ ಕಡ್ದೆ?"

"ನೀವೇ ಬೆರಳು ತೋರ್ಸಿದ್ರಲ್ಲ."

"ಹೇಳಕ್ಕೆ ಬಾಯಿರ್ಲಿಲ್ವಾ?"

"ಬೂಟು ಹಾಕ್ಕೊಂಡೋರು ತೋರ್ಸಿದ್ಮೇಲೆ ನಾವೇನು ಹೇಳದು ಸ್ವಾಮಿ. ಏನೋ ಹೊಸಾ ಆರ್ಡ್ರು ಬಂದಿರ್ಬೇಕು ಅನ್ಕಂಡ್ವಿ."

ಬಿದ್ದ ಹೊನ್ನೆಯ ಬುಡದ ಹತ್ತಿರ ಹೋಗಿ ಮುಟ್ಟಿ ನೋಡಿದೆ. ರಸ ಬೆರಳಿಗೆ ಅಂಟಿತು. ಪಟ್ಟೆ ಮಾಸಿತ್ತು ಎಂದು ಮೇಲಿನವರಿಗೆ ತಿಳಿಸಿದೆ. ಕೆಮ್ಮಣ್ಣು ಕಾಡಿನ ನೆರಳಲ್ಲಿ ಸರಿಯಾಗಿ ಕಾಣುವುದಿಲ್ಲ, ಇನ್ನು ಮೇಲೆ ಸುಣ್ಣ ಬಳಿಯುವುದು ಒಳ್ಳೆಯದು ಎಂದೂ ಸೇರಿಸಿದೆ. ಅವರಿಗೆ ಅದು ಹಿಡಿಸಿತು. ಅಕ್ಕಪಕ್ಕದ ರೇಂಜುಗಳಲ್ಲೂ ಸುಣ್ಣ ಬಂತು. ಹೊಸ ಪದ್ಧತಿ ತಂದವನೆಂದು ನನ್ನನ್ನು ಹೊಗಳಿದರು. ಸುಣ್ಣದ ಪಟ್ಟೆ ನಿಜಕ್ಕೂ ಎಲ್ಲರಿಗೂ ಚೆನ್ನಾಗಿ ಕಾಣುತ್ತಿತ್ತು, ಅದನ್ನೂ ಹೇಳಬೇಕು. ಆದರೆ ಹೊಗಳಿಕೆ ಕೇಳಿದಾಗ ನನ್ನ ಕಿವಿ ಬಿಸಿಯಾಗುತ್ತಿತ್ತು.

ಮೇಷ್ಟ್ರಾದ ಮೇಲಿನ ಒಂದು ಬೇಸಿಗೆ. ಬೆಂಗಳೂರಿನಿಂದ ಬಂದ ದೊಡ್ಡ ಅಧಿಕಾರಿಯೊಬ್ಬರನ್ನು ಶಂಕರಘಟ್ಟದ ಕಡೆ ಗುಡ್ಡ ಹತ್ತಿಸಿದೆವು. ನನ್ನ ಜೊತೆಗೆ ಫಾರೆಸ್ಟರ್ ಶೇಷಪ್ಪ. ನಾಲಿಗೆ ಚುರುಕಿನ ಮನುಷ್ಯ. ಅಧಿಕಾರಿಗಳು ಎದುರಿನ ಇಳಿಜಾರಿನತ್ತ ಕೋಲು ಚಾಚಿ ಕೇಳಿದರು:

"ಅದ್ಯಾವ ಮರ ಮೇಷ್ಟ್ರೇ? ಎಷ್ಟು ಚೆನ್ನಾಗಿದೆ!"

"ಯಾವುದು ಸಾರ್?"

"ಅದೇ, ಕೆಂಪಗಿರೋದು."

ಇಡೀ ಇಳಿಜಾರು ನನಗೆ ಒಂದೇ ಕಂಬಳಿ. ಕಣ್ಣಿಗೆ ಕಸ ಬಿತ್ತು ಎಂದು ಉಜ್ಜಿಕೊಳ್ಳುತ್ತಾ ನಿಂತೆ. ಶೇಷಪ್ಪ ಮುಂದೆ ಬಂದು, "ಸಗಡೆ ಸಾರ್. ಚಿಗುರು ಹಂಗೇ ಕೆಂಪಗೆ ಬರ್ತದೆ, ಆಮೇಲೆ ಹಸ್ರಾಗ್ತದೆ" ಎಂದ. ಇಳಿದು ಬರುವಾಗ ನನ್ನ ಪಕ್ಕಕ್ಕೆ ಬಂದ.

"ಏನ್ ಮಾರಾಯಾ, ಊರಿಗೆಲ್ಲ ಬೆಂಕಿ ಬಿದ್ದಂಗೆ ಕಾಣ್ತಿತ್ತು. ನಿನಗೆ ಕಾಣ್ಲಿಲ್ವಾ?"

"ಕಸ ಬಿದ್ದಿತ್ತು ಅಂದ್ನಲ್ಲ."

"ಎರಡೂ ಕಣ್ಣಿಗಾ?"

ಸಗಡೆಯನ್ನು ನಾನು ಕತ್ತಲೆಯಲ್ಲಿ ಬೇಕಾದರೂ ಗುರುತಿಸುತ್ತಿದ್ದೆ. ಎಳೆ ಎಲೆ ಕೈಯಲ್ಲಿ ಜೋಲುತ್ತದೆ, ಬಟ್ಟೆಯ ಹಾಗೆ. ಆದರೆ ದೂರದಿಂದ ಮರವನ್ನು ಮುಟ್ಟುವುದು ಹೇಗೆ? ಅವತ್ತಿನಿಂದ ಅಧಿಕಾರಿಗಳು ಬಂದಾಗಲೆಲ್ಲ ಅವರನ್ನು ದಟ್ಟ ಕಾಡಿನ ಒಳಗಿನಿಂದಲೇ ನಡೆಸುತ್ತಿದ್ದೆ, ತೆರೆದ ಗುಡ್ಡಕ್ಕೆ ಕರೆದೊಯ್ಯುತ್ತಿರಲಿಲ್ಲ. ಚಿಗುರಿನ ಕಾಲದಲ್ಲಿ ಜ್ವರ ಬರಿಸಿಕೊಳ್ಳುತ್ತಿದ್ದೆ.

ಬಸವಣ್ಯಪ್ಪ ತರಬೇತಿಗೆ ಬಂದದ್ದು ಎರಡನೇ ಮಹಾಯುದ್ಧ ಶುರುವಾದ ಮೇಲೆ. ಜನ್ನಾಪುರದ ಕಡೆಯ ಲಿಂಗಾಯತರ ಮನೆಯವನು. ಮದುವೆಯಾಗಿತ್ತು, ಅಣ್ಣಂದಿರ ಜೊತೆ ಹೊಲ ಮಾಡಿ ಬೇಸತ್ತು ಬಂದಿದ್ದ. ತರಬೇತಿಯ ಕೊನೆಗೆ ಕಾಡಿನಲ್ಲೇ ಪರೀಕ್ಷೆ, ಪಾಸಾದರೆ ಕೆಲಸ ಕಾಯಂ, ಇಲ್ಲವಾದರೆ ಊರಿಗೆ. ಊರಿಗೆ ಹಿಂತಿರುಗಲಾರೆ ಎಂದು ಮೊದಲ ದಿನವೇ ಎಲ್ಲರಿಗೂ ಹೇಳಿದ್ದ. ಏನಿದ್ದರೂ ಎಲ್ಲರಿಗೂ ಹೇಳುವ ಸ್ವಭಾವ.

ಒಂದು ಬೆಳಗ್ಗೆ ಹೊನ್ನೆಗೆ ಕಚ್ಚು ಹಾಕಿ, "ಬಣ್ಣ?" ಎಂದೆ. ಎಲ್ಲರೂ ಕೂಗಿದರು. ಬಸವಣ್ಯಪ್ಪ ಹತ್ತಿರ ಬಂದು ಬಗ್ಗಿ ನೋಡಿ, "ಸಾರ್, ನಂಗೆ ತೊಗ್ಟೆನೂ ರಸನೂ ಒಂದೇ ಥರ ಕಾಣ್ತದೆ" ಎಂದ.

"ಸರಿಯಾಗಿ ನೋಡು."

"ನೋಡ್ದೆ ಸಾರ್. ನಂಗೆ ಕೆಂಪು ಹಸ್ರು ಎಲ್ಲ ಒಂದೇ. ನಮ್ಮ ಸೋದರಮಾವನ್ಗೂ ಹಂಗೇ. ಅವ್ರು ಮದ್ವೇಲಿ ಹಸ್ರು ಸೀರೆ ತರಕ್ಕೆ ಹೋಗಿ ಕೆಂಪು ತಂದಿದ್ರು."

ಉಳಿದವರು ಹೊಟ್ಟೆ ಹಿಡಿದು ನಕ್ಕರು. ಅವನೂ ನಕ್ಕ. ನಾನು ನಗಲಿಲ್ಲ. ಈ ಮಾತನ್ನು ಹೀಗೆ ಹಗಲಲ್ಲಿ ಜನರ ಮುಂದೆ, ತಲೆನೋವು ಅನ್ನುವಷ್ಟು ಸುಲಭವಾಗಿ ಹೇಳಬಹುದು ಎಂದು ನಾನು ಎಂದೂ ಎಣಿಸಿರಲಿಲ್ಲ.

ಅವನನ್ನು ಬೇರೆಯಾಗಿ ಕರೆದುಕೊಂಡು ಹೋಗಿ ಕಲಿಸಿದೆ. ಕರುಣೆಯಿಂದ ಎಂದು ಬರೆಯಬಹುದು. ನನಗನ್ನಿಸುವುದು, ನನ್ನ ವಿದ್ಯೆಯನ್ನು ಒಬ್ಬನಿಗಾದರೂ ಅದು ಇದ್ದ ಹಾಗೆಯೇ ಹೇಳಿಕೊಡುವ ಆಸೆ. ತೊಗಟೆಗೆ ಬೆನ್ನು ಕೊಟ್ಟು ನಿಂತು ಮೊದಲು ನೆಲ ನೋಡು, ಬಿದ್ದ ಎಲೆ, ಬಿದ್ದ ಕಾಯಿ. ಹೊನ್ನೆಯ ಎಲೆಯ ತುದಿ ಒಳಕ್ಕೆ ಕಚ್ಚಿದಂತಿರುತ್ತದೆ, ಹೆಬ್ಬೆರಳು ಸವರು. ಕಾಯಿ ದುಂಡಗೆ, ಸುತ್ತ ತೆಳು ಅಂಚು. ಅಳಲೆಯ ಕಾಯಿ ನಾಲಿಗೆಗೆ ತಾಗಿಸು. ಗೇರಿನ ಜಾತಿ ಅನಿಸಿದರೆ ಮುಟ್ಟಲೇಬೇಡ, ಮೈ ಬೊಬ್ಬೆ ಏಳುತ್ತದೆ. ಎಲೆ ಎದುರುಬದುರು ಇದೆಯೋ, ಒಂದಾದ ಮೇಲೊಂದೋ? ಕತ್ತಿಯ ಹಿಂಬದಿಯಿಂದ ಕಾಂಡ ತಟ್ಟಿ ಕೇಳು.

"ಬಣ್ಣ ಕೇಳಿದ್ರೆ ಸಾರ್?"

"ಮರ ಗೊತ್ತಾದ್ಮೇಲೆ ಬಣ್ಣ ಗೊತ್ತಾದ ಹಾಗೇ. ಹೊನ್ನೆಗೆ ಕೆಂಪು ಅಂತಾರೆ. ತಾರೆಗೆ ಹಳದಿ ಅಂತಾರೆ."

ಅವನು ನನ್ನನ್ನೇ ನೋಡಿದ. ಮುಖ ಅರಳಿತು. ಪರ ಊರಿನ ಸಂತೆಯಲ್ಲಿ ತನ್ನ ಊರಿನವನೊಬ್ಬ ಸಿಕ್ಕ ಹಾಗೆ.

"ನಿಮ್ಗೂ ಕಾಣ್ಸಲ್ಲ ಅಲ್ವಾ ಸಾರ್?"

"ಸುಮ್ನೆ ನಡಿ" ಎಂದೆ. ಇಲ್ಲ ಎನ್ನಲಿಲ್ಲ. ಯಾರಿಗೂ ಹೇಳಬೇಡ ಎಂದೂ ಹೇಳಲಿಲ್ಲ, ಹಾಗೆ ಹೇಳಿದರೆ ಒಪ್ಪಿಕೊಂಡಂತೆ ಆಗುತ್ತಿತ್ತು. ಅದು ಹೇಳಬಾರದ ಸಂಗತಿ ಎಂದು ಅವನಿಗೆ ಹೊಳೆಯುವ ದಾರಿಯೇ ಇರಲಿಲ್ಲ.

ಪರೀಕ್ಷೆಗೆ ಡಿ.ಎಫ್.ಓ. ಸಾಹೇಬರು ಬಂದರು. ಕಾರ್ಖಾನೆಗೆ ಸೌದೆ ಒಯ್ಯುವ ಟ್ರಾಮಿನ ಹಳಿ ಆ ಕಾಡಿನ ನಡುವೆ ಹಾದುಹೋಗಿತ್ತು. ಹಳಿಯ ಪಕ್ಕದ ಬಯಲಲ್ಲಿ ಹುಡುಗರು ಸಾಲಾಗಿ ನಿಂತಿದ್ದರು. ಸಾಹೇಬರು ಒಬ್ಬೊಬ್ಬರನ್ನು ಒಂದೊಂದು ಮರಕ್ಕೆ ಕರೆಯುತ್ತಿದ್ದರು. ಬಸವಣ್ಯಪ್ಪನ ಪಾಲಿಗೆ ಹೊನ್ನೆಯೇ ಬಂತು. ಅವನು ಬಗ್ಗಿ ಎಲೆ ಹೆಕ್ಕಿದ, ಹೆಬ್ಬೆರಳು ಸವರಿದ, ಕಾಯಿ ಮುಟ್ಟಿದ.

"ಹೊನ್ನೆ ಸಾರ್."

"ಸರಿ. ಕಚ್ಚು ಹಾಕಿದ್ರೆ ಬರೋ ರಸ ಯಾವ ಬಣ್ಣ?"

"ಕೆಂಪು ಅಂತಾರೆ ಸಾರ್."

"ಅಂತಾರೆ ಅಂದ್ರೆ ಏನಯ್ಯ? ನೀನು ನೋಡಿಲ್ವಾ?"

"ನಂಗೆ ಕೆಂಪು ಕಾಣ್ಸಲ್ಲ ಸಾರ್. ನಮ್ಮ ಮೇಷ್ಟ್ರಿಗೂ ಕಾಣ್ಸಲ್ಲ. ಆದ್ರೂ ಅವ್ರಷ್ಟು ಮರ ಗೊತ್ತಿರೋರು ಈ ಜಿಲ್ಲೇಲೇ ಇಲ್ಲ ಸಾರ್. ಅವ್ರೇ ನಂಗೆ ಬೇರೆ ದಾರಿ ಹೇಳ್ಕೊಟ್ಟಿದ್ದು."

ಹೊಗಳಿಕೆಯೆಂದು ಹೇಳಿದ ಮಾತು ಅದು. ಹೇಳಿ ನನ್ನ ಕಡೆ ತಿರುಗಿ ನಕ್ಕ ಬೇರೆ.

ಸಾಹೇಬರು ನನ್ನನ್ನು ನೋಡಿದರು. ನಾನು ಹುಡುಗರನ್ನು ನೋಡಿದೆ. ಶೇಷಪ್ಪ ಆಕಾಶ ನೋಡುತ್ತಿದ್ದ. ಹಳಿಯ ಪಕ್ಕದಲ್ಲಿ ಟ್ರಾಮಿಗೆ ಬಾವುಟ ತೋರಿಸುವವನೊಬ್ಬ ಕುಕ್ಕರಗಾಲಲ್ಲಿ ಕುಳಿತಿದ್ದ. ಸಾಹೇಬರು ಅವನ ಎರಡೂ ಬಾವುಟ ತರಿಸಿದರು, ಒಂದು ಕೆಂಪು, ಒಂದು ಹಸಿರು. ಬಿಸಿಲಿಗೆ ಮಾಸಿ, ಇದ್ದಿಲಿನ ಮಸಿ ಹಿಡಿದ ಬಟ್ಟೆ. ಒಂದನ್ನು ಬೆನ್ನ ಹಿಂದೆ ಇಟ್ಟುಕೊಂಡು ಇನ್ನೊಂದನ್ನು ಎತ್ತಿ ಹಿಡಿದರು.

"ಹೇಳಿ ಮೇಷ್ಟ್ರೇ. ಬೇಜಾರು ಮಾಡ್ಕೋಬೇಡಿ. ಇದು ಯಾವ ಬಣ್ಣ?"

ಇಲ್ಲಿ ನಾನು ಬಹಳ ಸಲ ಸುಳ್ಳು ಹೇಳಿದ್ದೇನೆ. ಮದುವೆ ಮನೆಗಳಲ್ಲಿ ಇದನ್ನು ಹೇಳುವಾಗ, "ಗೊತ್ತಿಲ್ಲ ಸಾರ್, ನನಗೆ ಕಾಣುವುದಿಲ್ಲ" ಎಂದು ಎದೆಯೆತ್ತಿ ಹೇಳಿದೆ ಎಂದಿದ್ದೇನೆ. ಹಾಗೆ ಹೇಳಲಿಲ್ಲ.

"ಹಸಿರು ಸಾರ್" ಎಂದೆ.

ಊಹೆ. ಅದು ಸರಿಯಾಗಿತ್ತು.

ಎಲ್ಲರ ಉಸಿರೂ ಒಟ್ಟಿಗೆ ಸಡಿಲವಾದದ್ದು ನನಗೆ ಕೇಳಿಸಿತು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರು ಬಾವುಟ ಇಳಿಸಿ ಬಸವಣ್ಯಪ್ಪನ ಕಡೆ ತಿರುಗಿದರು. ಅವರ ದನಿ ಬೇರೆಯಾಗಿತ್ತು.

"ಪಾಠ ಹೇಳಿದೋರ ಮೇಲೆ ಎಲ್ಲರ ಮುಂದೆ ಸುಳ್ಳು ಹೇಳ್ತೀಯಾ? ಬಣ್ಣ ಬರ್ದೇ ಇದ್ರೆ ಬರಲ್ಲ ಅನ್ಬೇಕು. ನಡಿ, ಸಾಲಿಂದ ಆಚೆ ನಿಂತ್ಕೋ."

ಬಸವಣ್ಯಪ್ಪ ನನ್ನನ್ನು ನೋಡಿದ. ಕೋಪವಿರಲಿಲ್ಲ. ತಾನೇ ತಪ್ಪು ತಿಳಿದುಕೊಂಡೆನೇನೋ, ಈ ಮನುಷ್ಯನಿಗೆ ನಿಜವಾಗಿ ಕಾಣುತ್ತದೇನೋ ಎಂಬ ಗೊಂದಲ ಅವನ ಮುಖದ ಮೇಲಿತ್ತು. ಟವೆಲು ಹೆಗಲಿಗೆ ಹಾಕಿಕೊಂಡು ಆಚೆ ಹೋಗಿ ನಿಂತ.

ಮುಂದಿನವನನ್ನು ಕರೆದಾಗಿತ್ತು. ಅವನು ಮರದ ಹತ್ತಿರ ಹೋಗಿಯೂ ಆಗಿತ್ತು.

"ಇನ್ನೊಂದ್ ಸಲ ಕೇಳಿ ಸಾರ್" ಎಂದೆ.

"ಏನನ್ನ?"

"ಬಾವುಟ."

"ಒಂದ್ಸಲ ಸರಿಯಾಗಿ ಹೇಳಿದ್ರಲ್ಲ."

"ಇನ್ನೊಂದ್ ಸಲ ಕೇಳಿ."

ಧೈರ್ಯ ಎಂದು ಇದನ್ನು ಕರೆಯಬೇಡಿ. ನಾನು ನೆಲ ನೋಡುತ್ತಾ ಹೇಳಿದೆ, ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ, ಕೇಳಿದ ತಕ್ಷಣ ಯಾಕೆ ಕೇಳಿದೆನೋ ಅನಿಸಿತು. ಸಾಹೇಬರು ಬೆನ್ನ ಹಿಂದೆ ಬಾವುಟ ಅದಲುಬದಲು ಮಾಡಿ ಒಂದನ್ನು ಎತ್ತಿದರು. "ಹಸಿರು" ಎಂದೆ. ಮತ್ತೆ ಎತ್ತಿದರು. "ಕೆಂಪು" ಎಂದೆ. ಎರಡೂ ತಪ್ಪು. ಬಾವುಟದವನು ತಡೆಯಲಾರದೆ, "ಅಯ್ಯೋ, ಇವ್ರನ್ನ ನಮ್ಮ ಲೈನಿಗೆ ಹಾಕಿದ್ರೆ ಗಾಡಿಗಾಡಿ ಗುದ್ದಿಸ್ಬಿಡ್ತಾರೆ" ಎಂದ. ಆಗ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಇಷ್ಟು ವರ್ಷ ಹೇಗೆ ಪಾಠ ಮಾಡಿದ್ರಿ?" ಸಾಹೇಬರು ನಿಜವಾಗಿ ತಿಳಿಯುವ ಆಸೆಯಿಂದ ಕೇಳಿದರು.

"ಬಾಯಿಪಾಠ ಸಾರ್."

ಅವರು ಬಸವಣ್ಯಪ್ಪನನ್ನು ಸಾಲಿಗೆ ಕರೆದು ಇನ್ನೂ ಕೆಲವು ಮರ ಕೇಳಿದರು. ಬಣ್ಣ ಕೇಳಲಿಲ್ಲ. ಎಲ್ಲವನ್ನೂ ಸರಿಯಾಗಿ ಹೇಳಿದ, ಪಾಸು ಮಾಡಿದರು. ನನ್ನನ್ನು ಬೈಯಲಿಲ್ಲ. ಹೆಗಲ ಮೇಲೆ ಕೈಯಿಟ್ಟು, "ಭದ್ರಾವತಿ ಡಿಪೋದಲ್ಲಿ ಒಬ್ರು ಬೇಕಾಗಿದ್ದಾರೆ. ನಿಮಗೆ ಅನುಕೂಲ ಆಗ್ತದೆ" ಎಂದರು. ಬೈದಿದ್ದರೆ ಮರೆಯುತ್ತಿದ್ದೆ. ಆ ಕೈಯ ಭಾರ ಈಗಲೂ ಅಲ್ಲೇ ಇದೆ.

ಡಿಪೋ ಎಂದರೆ ಕಾಡಿನಿಂದ ಬಂದ ದಿಮ್ಮಿಗಳನ್ನು ಒಟ್ಟುವ ಬಯಲು. ನನಗಿಂತ ಮೊದಲೇ ಸುದ್ದಿ ಅಲ್ಲಿಗೆ ತಲುಪಿತ್ತು. ಶೇಷಪ್ಪನ ಕೃಪೆ ಇರಬೇಕು. ಗಾಡಿಯವರು ನನಗೆ ಕೆಂಪಣ್ಣ ಎಂದು ಹೆಸರಿಟ್ಟಿದ್ದರು. ಓಲ್ಡ್ ಟೌನಿನ ಹೋಟೆಲಿನವನು ಚಟ್ನಿ ಬಡಿಸುತ್ತಾ, "ಇದು ಕೆಂಪು ಚಟ್ನಿ ಸ್ವಾಮಿ, ನೋಡ್ಕೊಂಡು ತಿನ್ನಿ" ಎನ್ನುತ್ತಿದ್ದ. ನಾನು ಹೋಟೆಲು ಬದಲಾಯಿಸಿದೆ. ಅಲ್ಲಿಯವನಿಗೂ ಗೊತ್ತಿತ್ತು. ಪಾಠ ಹೇಳುವ ಕೆಲಸ ಮತ್ತೆಂದೂ ನನಗೆ ಕೊಡಲಿಲ್ಲ, ನಾನೂ ಕೇಳಲಿಲ್ಲ. ಹೊಸ ಮೇಷ್ಟ್ರು ಮತ್ತೆ ಕಚ್ಚು ಹಾಕಿ ಬಣ್ಣ ಕೂಗಿಸುತ್ತಿದ್ದಾರೆ ಎಂದು ಕೇಳಿದೆ.

ಒಂದು ರಜೆಯ ದಿನ ಬಸವಣ್ಯಪ್ಪ ಬಂದ. ಖಾಕಿ ಹಾಕಿಕೊಂಡಿದ್ದ. ಜೊತೆಗೆ ಅವನು ಕಾಯುವ ಬೀಟಿನ ಪಕ್ಕದ ಗಾರ್ಡು.

"ಇವ್ನಿಗೂ ನಮ್ ಥರಾನೇ ಸಾರ್. ಹೊಸ ಮೇಷ್ಟ್ರ ಕ್ಲಾಸಲ್ಲಿ ದಿನಾ ಬೈಸ್ಕೊಂಡವ್ನು. ಸ್ವಲ್ಪ ಹೇಳ್ಕೊಡಿ."

"ನಮ್ ಥರ" ಎಂಬ ಮಾತು ಕೇಳಿ ನನ್ನ ಮೈ ಮುದುಡಿತು. ಸುತ್ತ ನೋಡಿದೆ. ಅವರನ್ನು ಡಿಪೋದ ಹಿಂಬದಿಗೆ, ಎತ್ತರದ ಒಟ್ಟಿನ ಮರೆಗೆ ಕರೆದೊಯ್ದು ದಿಮ್ಮಿಗಳ ತೊಗಟೆ ಮುಟ್ಟಿಸಿದೆ. ಅಲ್ಲಿಂದ ಬೇಲಿ ದಾಟಿ ಕುರುಚಲು ಕಾಡಿಗೆ ಹೋಗಿ ಎಲೆ ತೋರಿಸಿದೆ. ಹೊರಡುವಾಗ, "ಇನ್ನೊಂದ್ ಸಲ ಬಂದ್ರೆ ಗೇಟಿಂದ ಬರಬೇಡಿ, ಹಿಂದಿನ ಬೇಲಿ ಹತ್ರ ಬನ್ನಿ" ಎಂದೆ. ಬಸವಣ್ಯಪ್ಪನಿಗೆ ಕಾರಣ ತಿಳಿಯಲಿಲ್ಲ. "ಗೇಟೇ ಹತ್ರ ಅಲ್ವಾ ಸಾರ್?" ಎಂದ.

ಅವರು ಆಗಾಗ ಬೇಲಿಯ ಕಡೆಯಿಂದ ಬಂದು ಹೋದರು. ನಾನು ಕಲಿಸಿದೆ, ಕದ್ದ ಮಾಲು ಮಾರುವವನ ಹಾಗೆ.

ಆಮೇಲೆ ಒಂದು ದಿನ ಮಧ್ಯಾಹ್ನ, ಗಾಡಿಗಳು ಗೇಟಿನ ಒಳಗೆ ಹೊರಗೆ ತುಂಬಿ ನಿಂತಿದ್ದಾಗ, ಗುರುತಿಲ್ಲದ ಒಬ್ಬ ಬಂದ. ನಡುವಯಸ್ಸು, ಬಾಯಿ ತುಂಬ ಎಲೆಅಡಿಕೆ. ಗೇಟಿನ ತಮಿಳು ಕಾವಲುಗಾರ ತಡೆದು, "ಯಾರು ಬೇಕು?" ಎಂದು ಕೇಳಿದ. ಬಂದವನು ತಲೆ ಹಿಂದಕ್ಕೆ ಎತ್ತಿ, ರಸ ಚೆಲ್ಲದ ಹಾಗೆ ನೋಡಿಕೊಂಡು, ಇಡೀ ಡಿಪೋಗೆ ಕೇಳಿಸುವಂತೆ ಕೂಗಿದ:

"ಬಣ್ಣ ಕಾಣ್ದೋರ ಕ್ಲಾಸು ಇಲ್ಲೇ ಏನ್ರೀ? ಜನ್ನಾಪುರದ ಬಸವಣ್ಯಪ್ಪ ಹೇಳ್ ಕಳ್ಸವ್ರೆ!"

ಗಾಡಿಯವರು ತಿರುಗಿದರು. ದಿಮ್ಮಿ ಉರುಳಿಸುತ್ತಿದ್ದವರು ನಿಲ್ಲಿಸಿದರು. ನಾನು ಹಿಂದಕ್ಕೆ ತಿರುಗಿ ನೋಡಿದೆ, ಅವನು ಬೇರೆ ಯಾರನ್ನೋ ಕೇಳುತ್ತಿದ್ದಾನೆ ಎಂಬಂತೆ. ನನ್ನ ಹಿಂದೆ ಸೌದೆಯ ಒಟ್ಟು ಬಿಟ್ಟರೆ ಏನೂ ಇರಲಿಲ್ಲ. ಕಾವಲುಗಾರ ನನ್ನ ಮುಖ ನೋಡುತ್ತಾ ಕಾಯುತ್ತಿದ್ದ, ಇಲ್ಲ ಎಂದರೆ ಅವನನ್ನು ಅಟ್ಟಲು ಸಿದ್ಧನಾಗಿ.

"ಇಲ್ಲೇ" ಎಂದೆ. ಮುಖ ಸುಡುತ್ತಿತ್ತು. "ಮೊದ್ಲು ಅದನ್ನ ಉಗಿದು ಬಾಯಿ ತೊಳ್ಕೊಂಡು ಬಾ. ಎಲೆಅಡಿಕೆ ಹಾಕಿದ ನಾಲಿಗೆಗೆ ತೊಗಟೆಯ ಒಗರು ಗೊತ್ತಾಗಲ್ಲ."